ಮಾಡ್ಯುಲರ್ ಇಂಡಸ್ಟ್ರಿಯಲ್ ರೂಟರ್: ಯಾವ ಸ್ಲಾಟ್‌ಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ದೂರದ ಪಂಪ್‌ಹೌಸ್ ಒಂದರಲ್ಲಿ ಪಿಎಲ್‌ಸಿ, ಅಂದರೆ ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್, ಸರಿಯಾಗೇ ಓಡುತ್ತಿದೆ. ಅದರಲ್ಲಿ ಬದಲಾಗಬೇಕಾದ್ದು ಒಂದು ಟೈಮರ್ ಮಾತ್ರ. ಐದು ಸೆಕೆಂಡು ಇದ್ದದ್ದು ಎಂಟು ಆಗಬೇಕು. ಎರಡು ನಿಮಿಷದ ಕೆಲಸ. ಆದರೆ ಅದನ್ನು ಮಾಡಬಲ್ಲ ಇಂಜಿನಿಯರ್ ಇರುವುದು ಮುನ್ನೂರು ಕಿಲೋಮೀಟರ್ ಆಚೆ. ಹೋಗಿ ಬರಲು ಎರಡು ದಿನ. ರಿಮೋಟ್ ಆ್ಯಕ್ಸೆಸ್‌ಗೆ ಒಂದು ರೂಟರ್ ಹಾಕಿಸೋಣ ಎಂಬ ಮಾತು ಹುಟ್ಟುವುದು ಇಂಥ ಪ್ರಯಾಣದ ನಡುವೆಯೇ.

ಆಮೇಲೆ ಕ್ಯಾಟಲಾಗ್ ತೆರೆದರೆ ತಲೆ ಗಿರ್ರೆನ್ನುತ್ತದೆ. ಎರಡು ಸ್ಲಾಟ್, ಐದು ಸ್ಲಾಟ್, 5ಜಿ, ಡ್ಯುಯಲ್ ಸಿಮ್, ಐಪಿಸೆಕ್, ಕ್ಲೌಡ್ ಪೋರ್ಟಲ್. ಎಲ್ಲ ಪೆಟ್ಟಿಗೆಗಳೂ ಎಲ್ಲವನ್ನೂ ಮಾಡುವಂತೆ ಕಾಣುತ್ತವೆ. ನಾನು ಮೊದಲ ಸಲ ಕೊಂಡಾಗ ಸ್ಲಾಟ್, ಅಂದರೆ ಬೇರೆ ಕಾರ್ಡ್ ಕೂರಿಸುವ ಜಾಗ, ಜಾಸ್ತಿ ಇರುವುದನ್ನೇ ಆರಿಸಿದ್ದೆ. ಮುಂದೆ ಬೇಕಾದೀತು ಎಂಬ ಲೆಕ್ಕ. ನಾಲ್ಕು ವರ್ಷ ಕಳೆದರೂ ಅದರ ಮೂರು ಸ್ಲಾಟ್‌ಗಳ ಖಾಲಿ ಮುಚ್ಚಳ ಹಾಗೇ ಇತ್ತು. ಅದರ ಮೇಲೆ ಧೂಳು ಮಾತ್ರ ಹೊಸದು.

ಈಗ ನಾನು ಸ್ಲಾಟ್ ಎಣಿಸುವುದಿಲ್ಲ. ಈ ಪೆಟ್ಟಿಗೆಯಲ್ಲಿ ಮೊದಲು ಹಳತಾಗುವ ಭಾಗ ಯಾವುದು ಎಂದು ಕೇಳಿಕೊಳ್ಳುತ್ತೇನೆ. ಆ ಭಾಗದ ಹೆಸರು ಹೇಳಲು ಬಂದರೆ ಅದಕ್ಕೊಂದು ಸ್ಲಾಟ್ ಇರಲಿ. ಹೇಳಲು ಬರದಿದ್ದರೆ ಸ್ಲಾಟ್ ಇಲ್ಲದ ರೂಟರೇ ಸಾಕು. ಭದ್ರತೆಯ ವಿಚಾರ ಬೇರೆ. ಎಷ್ಟು ಸ್ಲಾಟ್ ಇದ್ದರೂ ಬಾಗಿಲ ಕೀಲಿ ಯಾರ ಕೈಯಲ್ಲಿದೆ ಅನ್ನುವುದು ಅದರಿಂದ ತೀರ್ಮಾನ ಆಗುವುದಿಲ್ಲ.

ಮೂರು ಬಗೆಯ ‘ಮಾಡ್ಯುಲರ್’

ಮಾರುವವರು ಈ ಒಂದೇ ಪದವನ್ನು ಮೂರು ಅರ್ಥದಲ್ಲಿ ಬಳಸುತ್ತಾರೆ. ಯಾವ ಅರ್ಥ ಅಂತ ಮೊದಲೇ ಕೇಳಿಬಿಡಿ.

ಒಂದು, ನಿಜವಾದ ಕಾರ್ಡ್ ಬಗೆ. ಒಂದು ಮೂಲ ಪೆಟ್ಟಿಗೆ, ಅದರಲ್ಲಿ ಖಾಲಿ ಸ್ಲಾಟ್‌ಗಳು. ಮೊಬೈಲ್ ಮೋಡೆಮ್, ವೈಫೈ, ಸೀರಿಯಲ್ ಪೋರ್ಟ್, ಇನ್ನಷ್ಟು ಈಥರ್ನೆಟ್, ಹೀಗೆ ಬೇಕಾದ ಕಾರ್ಡ್ ಕೂರಿಸಿಕೊಳ್ಳಬಹುದು. ಎಚ್‌ಎಂಎಸ್ ಕಂಪನಿಯ ಇವಾನ್ ಫ್ಲೆಕ್ಸಿ, ಇನ್‌ಸಿಸ್ ಕಂಪನಿಯ ಎಂಆರ್‌ಎಕ್ಸ್ ಈ ಜಾತಿಯವು.

ಎರಡನೆಯದರಲ್ಲಿ ಮುಖ್ಯವಾಗಿ ಕಳಚಿ ಹಾಕಲು ಬರುವುದು ಮೋಡೆಮ್. ಸಿಸ್ಕೊ ಐಆರ್1101 ಹೀಗಿದೆ. ಅದರ ಪಕ್ಕಕ್ಕೆ ಇನ್ನೊಂದು ವಿಸ್ತರಣೆಯ ಪೆಟ್ಟಿಗೆ ಜೋಡಿಸಲೂ ಬರುತ್ತದೆ. ಡಿಜಿ ಕಂಪನಿಯ ಐಎಕ್ಸ್20 ಕೂಡ ಮೋಡೆಮ್ ಕಳಚುವ ಬಗೆಯದೇ.

ಮೂರನೆಯದರಲ್ಲಿ ಪೆಟ್ಟಿಗೆ ಅಚ್ಚು ಹೊಯ್ದಂತೆ ಒಂದೇ. ಸಾಫ್ಟ್‌ವೇರ್ ಮಾತ್ರ ತುಂಡು ತುಂಡಾಗಿ ಸೇರಿಸಬಹುದು. ಅಡ್ವಾನ್‌ಟೆಕ್‌ನ ಐಸಿಆರ್ ಸಾಲು, ಟೆಲ್ಟೋನಿಕಾದ ಆರ್‌ಯುಟಿ ಸಾಲು ಇಂಥವು. ಇದನ್ನೂ ಮಾಡ್ಯುಲರ್ ಅನ್ನುವುದು ಸ್ವಲ್ಪ ಎಳೆದಾಡಿದ ಮಾತು. ಆದರೆ ಒಳಗೆ ಲಿನಕ್ಸ್ ಇರುವುದರಿಂದ ನಿಮ್ಮದೇ ಒಂದು ಸಣ್ಣ ಪ್ರೋಗ್ರಾಂ ಓಡಿಸಬೇಕು ಅಂತಿದ್ದರೆ ಇದೇ ಹೆಚ್ಚು ಕೈಗೆ ಬರುತ್ತದೆ.

ಒಂದು ಕಂಪನಿಯ ಕಾರ್ಡ್ ಇನ್ನೊಂದರ ಸ್ಲಾಟ್‌ಗೆ ಕೂರುವುದಿಲ್ಲ, ಇದು ನೆನಪಿರಲಿ. ಹಾಗಾಗಿ ಸ್ಲಾಟ್ ಕೊಳ್ಳುವಾಗ ನೀವು ನಂಬುತ್ತಿರುವುದು ಆ ಕಂಪನಿಯ ಮುಂದಿನ ಹತ್ತು ವರ್ಷವನ್ನು. ಅದು ಹೊಸ ಕಾರ್ಡ್ ತಯಾರಿಸುವುದನ್ನೇ ನಿಲ್ಲಿಸಿದರೆ ನಿಮ್ಮ ಕೈಯಲ್ಲಿ ಉಳಿಯುವುದು ತೂತು ಮಾತ್ರ. ಹಳೆಯ ಮೂಲ ಪೆಟ್ಟಿಗೆಗೆ ಹೊಸ ಕಾರ್ಡ್ ಈ ಹಿಂದೆ ಎಷ್ಟು ಸಲ ಬಂದಿದೆ ಅಂತ ಕೇಳಿ. ಮುಂದೆ ಏನು ಬರಲಿದೆ ಎಂಬ ಭರವಸೆಗಿಂತ ಆ ಉತ್ತರಕ್ಕೆ ಬೆಲೆ ಜಾಸ್ತಿ.

ಮೊದಲು ಕೈ ಕೊಡುವುದು ಮೋಡೆಮ್

ಕಾರ್ಖಾನೆಯ ಯಂತ್ರ ಹದಿನೈದು ಇಪ್ಪತ್ತು ವರ್ಷ ಓಡುತ್ತದೆ. ಮೊಬೈಲ್ ತಲೆಮಾರು ಅಷ್ಟು ದಿನ ಬಾಳುವುದಿಲ್ಲ. ಜರ್ಮನಿಯ ಕಂಪನಿಗಳು 2021ರಲ್ಲಿ 3ಜಿ ನಿಲ್ಲಿಸಿದವು. ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲಿ ನಿಲ್ಲಿಸಿದವು. ಆವತ್ತು ಒಳಗೇ 3ಜಿ ಮೋಡೆಮ್ ಬೆಸೆದಿದ್ದ ರೂಟರ್‌ಗಳ ಗತಿ ಏನಾಯಿತು? ಪ್ರೊಸೆಸರ್ ಚೆನ್ನಾಗಿತ್ತು, ಪೋರ್ಟ್ ಚೆನ್ನಾಗಿತ್ತು, ಆದರೂ ಇಡೀ ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು. ಮೋಡೆಮ್ ಕಳಚಲು ಬರುವ ರೂಟರ್ ಆಗಿದ್ದು, ಹೊಸ ಮೋಡೆಮ್ ಸಿಗುವಂತಿದ್ದರೆ, ಅಷ್ಟನ್ನೇ ಬದಲಿಸಿದರೆ ಆಯಿತು. ಫೈರ್‌ವಾಲ್ ನಿಯಮ, ಸರ್ಟಿಫಿಕೇಟ್, ವಿಳಾಸ ಎಲ್ಲ ಇದ್ದಲ್ಲೇ ಇರುತ್ತಿದ್ದವು.

ಹಾಗಂತ ಎಲ್ಲರಿಗೂ ಇದು ಲಾಭವಲ್ಲ. ಐದು ಸೈಟ್ ಇರುವವರು ಸಾದಾ ರೂಟರ್ ಹಾಕಿ, ಎಂಟು ವರ್ಷದ ನಂತರ ಐದನ್ನೂ ಬದಲಿಸಿದರೂ ಕಡಿಮೆಗೇ ಮುಗಿಯುತ್ತದೆ. ಇನ್ನೂರು ಸೈಟ್ ಇದ್ದರೆ ಲೆಕ್ಕ ತಿರುಗುತ್ತದೆ. ಪ್ರತಿ ಸೈಟ್‌ನಲ್ಲೂ ಹೊಸ ಪೆಟ್ಟಿಗೆಗೆ ಹೊಸದಾಗಿ ಎಲ್ಲ ತುಂಬಬೇಕು, ಪರೀಕ್ಷೆ ಮಾಡಬೇಕು, ಪ್ಯಾನೆಲ್‌ನ ನಕ್ಷೆ ತಿದ್ದಬೇಕು. ಆಗ ಖರ್ಚು ಪೆಟ್ಟಿಗೆಗಿಂತ ಓಡಾಟದ್ದೇ ದೊಡ್ಡದು.

ವೇಗದ ವಿಚಾರದಲ್ಲಿ ಜನ ಸುಮ್ನೆ ದುಡ್ಡು ಸುರಿಯುತ್ತಾರೆ. ಪಿಎಲ್‌ಸಿ ಪ್ರೋಗ್ರಾಂ ನೋಡಲು, ಎಚ್‌ಎಂಐ ಎಂಬ ಆಪರೇಟರ್ ಪರದೆ ನೋಡಲು ಎಲ್‌ಟಿಇ (4ಜಿ) ಕ್ಯಾಟ್ 4 ದರ್ಜೆಯ ಮೋಡೆಮ್ ಸಾಕಷ್ಟಾಯಿತು. ಅದರ ಗರಿಷ್ಠ ಇಳಿಕೆ (ಡೌನ್‌ಲೋಡ್) ಸೆಕೆಂಡಿಗೆ 150 ಮೆಗಾಬಿಟ್, ಏರಿಕೆ (ಅಪ್‌ಲೋಡ್) 50 ಮೆಗಾಬಿಟ್. ಕ್ಯಾಟ್ 6ಕ್ಕೆ ಹೋದರೆ ಇಳಿಕೆ 300 ಆಗುತ್ತದೆ. ಏರಿಕೆ ಮಾತ್ರ ಅದೇ 50. ಸೈಟ್‌ನಲ್ಲಿ ಕೂತ ರೂಟರ್‌ನ ಕೆಲಸವೇ ಡೇಟಾ ಮೇಲಕ್ಕೆ ಕಳಿಸುವುದು ಅಲ್ವಾ? ಕ್ಯಾಮೆರಾದ ವಿಡಿಯೊ ಸರಿಯಾಗಿ ಬರಲಿ ಎಂದು ಕ್ಯಾಟ್ 6 ಕೊಂಡವರಿಗೆ ಸಿಕ್ಕಿದ್ದು ಬೇಡದ ಕಡೆಯ ವೇಗ. ಮೀಟರ್ ಓದುವಷ್ಟೇ ಕೆಲಸ ಇದ್ದರೆ ಇಳಿಕೆ 10, ಏರಿಕೆ 5 ಇರುವ ಕ್ಯಾಟ್ 1 ಕೂಡ ಧಾರಾಳ. ನಾಲ್ಕಾರು ಕ್ಯಾಮೆರಾ ಇದ್ದು, ಸೈಟ್‌ನಲ್ಲಿ 5ಜಿ ಸಿಗ್ನಲ್ ನಿಜವಾಗಿ ಇದ್ದರೆ 5ಜಿ ಕಾರ್ಡ್ ನೋಡಿ. ನಾಲ್ಕು ಆಂಟೆನಾ ಕೇಳುವ 5ಜಿ ಮೋಡೆಮ್‌ಗಳು ಬಹಳ. ಪ್ಯಾನೆಲ್ ಮೇಲೆ ಅಷ್ಟು ಜಾಗ ಇದೆಯೇ ನೋಡಿಕೊಳ್ಳಿ.

ಡ್ಯುಯಲ್ ಸಿಮ್ ಅಂದ ತಕ್ಷಣ ಎರಡು ಲೈನ್ ಇದೆ ಅಂದುಕೊಳ್ಳಬೇಡಿ. ಬಹಳಷ್ಟು ರೂಟರ್‌ಗಳಲ್ಲಿ ಸಿಮ್ ಎರಡು, ಮೋಡೆಮ್ ಒಂದೇ. ಮೊದಲ ಸಿಮ್ ಕೈಬಿಟ್ಟರೆ ಮೋಡೆಮ್ ಅದರಿಂದ ಹೊರಬಂದು, ಎರಡನೆಯದನ್ನು ಓದಿ, ಹೊಸ ನೆಟ್‌ವರ್ಕ್ ಹುಡುಕಿ, ಮತ್ತೆ ಟನೆಲ್, ಅಂದರೆ ಗೂಢಲಿಪಿಯ ಸುರಕ್ಷಿತ ದಾರಿ, ಕಟ್ಟಬೇಕು. ಹತ್ತಾರು ಸೆಕೆಂಡು ಖಂಡಿತ, ಕೆಲವೊಮ್ಮೆ ಕೆಲವು ನಿಮಿಷ. ಪಂಪ್‌ಹೌಸ್‌ಗೆ ಇದು ಪರವಾಗಿಲ್ಲ. ಸಬ್‌ಸ್ಟೇಷನ್‌ಗೆ ಇದು ನಡೆಯದು. ಅಲ್ಲಿ ಎರಡು ಮೋಡೆಮ್ ಬೇಕು, ಎರಡೂ ಒಟ್ಟಿಗೆ ಜೀವಂತ ಇರಬೇಕು. ಎರಡನೆಯ ಸ್ಲಾಟ್‌ಗೆ ಕಣ್ಣು ಮುಚ್ಚಿ ದುಡ್ಡು ಕೊಡಬಹುದಾದ ಕಾರಣ ಅಂದರೆ ಇದೇ.

ಆಂಟೆನಾ ಬಗ್ಗೆ ಒಂದೇ ಮಾತು. ಕಬ್ಬಿಣದ ಪ್ಯಾನೆಲ್ ಒಳಗೆ ಪುಟ್ಟ ಆಂಟೆನಾ ನಿಲ್ಲಿಸಿ ಬಾಗಿಲು ಮುಚ್ಚಿದರೆ ಯಾವ ಕಂಪನಿಯ ರೂಟರ್ ಆದರೂ ಮೂಕವಾಗುತ್ತದೆ. ಬಾಗಿಲು ತೆರೆದಾಗ ಸಿಗ್ನಲ್ ಚೆನ್ನಾಗಿ ತೋರಿಸಿತ್ತು ಎಂದು ವಾದ ಮಾಡಿದವರನ್ನು ನಾನು ನೋಡಿದ್ದೇನೆ. ಒಬ್ಬ ನಾನೇ.

ಸೀರಿಯಲ್ ಪೋರ್ಟ್ ಇನ್ನೂ ಸತ್ತಿಲ್ಲ

ಹಳೆಯ ಮೀಟರ್, ಡ್ರೈವ್, ಜನರೇಟರ್ ಕಂಟ್ರೋಲರ್ ಎಷ್ಟೋ ಕಡೆ ಈಗಲೂ ಆರ್‌ಎಸ್-485 ಎಂಬ ಸೀರಿಯಲ್ ತಂತಿಯಲ್ಲೇ ಮಾತಾಡುತ್ತವೆ. ಒಂದೇ ಜೋಡಿ ತಂತಿ, ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೆ ಓಡುತ್ತದೆ. ಇಂಥ ಸೈಟ್ ನಿಮ್ಮದಾದರೆ ಸೀರಿಯಲ್ ಕಾರ್ಡ್ ಬೇಕೇ ಬೇಕು. ಇಲ್ಲವಾದರೆ ಬೇರೆ ಕನ್ವರ್ಟರ್ ಪೆಟ್ಟಿಗೆ, ಅದಕ್ಕೆ ಬೇರೆ ಪಾಸ್‌ವರ್ಡ್, ಬೇರೆ ಫರ್ಮ್‌ವೇರ್ (ಒಳಗಿನ ಮೂಲ ಸಾಫ್ಟ್‌ವೇರ್), ಬೇರೆ ತಲೆನೋವು.

ಆದರೆ ಪೋರ್ಟ್ ಇದ್ದರೆ ಸಾಲದು. ಆ ಪೋರ್ಟ್ ಬರಿ ಬೈಟ್‌ಗಳನ್ನು ಹಾಗೇ ಆಚೆ ತಳ್ಳುತ್ತದೋ, ಮಾಡ್‌ಬಸ್ ಎಂಬ ಯಂತ್ರಗಳ ಭಾಷೆಯ ಸೀರಿಯಲ್ ರೂಪವಾದ ಆರ್‌ಟಿಯು ಅನ್ನು ನೆಟ್‌ವರ್ಕ್ ರೂಪವಾದ ಮಾಡ್‌ಬಸ್ ಟಿಸಿಪಿಗೆ ತಿರುಗಿಸಿ ಕೊಡುತ್ತದೋ ಅಂತ ವಿಚಾರಿಸಿ. ಬರಿ ತಳ್ಳುವ ಬಗೆಯಲ್ಲಿ ಮೊಬೈಲ್ ನೆಟ್‌ವರ್ಕ್‌ನ ವಿಳಂಬ ಒಂದು ಸಂದೇಶವನ್ನು ನಡುವೆ ಕತ್ತರಿಸಿಬಿಡುತ್ತದೆ. ಆರ್‌ಟಿಯು ಸಂದೇಶದ ನಡುವೆ ಮೂರೂವರೆ ಅಕ್ಷರದಷ್ಟು ಮೌನ ಬಂದರೆ ಅದು ಮುಗಿಯಿತು ಎಂದೇ ಲೆಕ್ಕ. ಉಳಿದ ಅರ್ಧ ಬಂದಾಗ ಕೇಳುವವರಿಲ್ಲ. ಮೀಟರ್ ಆಗಾಗ ಉತ್ತರ ಕೊಡುತ್ತಿಲ್ಲ ಎಂಬ ದೂರಿನ ಬೇರು ಎಷ್ಟೋ ಸಲ ಇಲ್ಲೇ ಸಿಗುತ್ತದೆ.

ಬಾಗಿಲು ಯಾರು ತೆರೆಯುತ್ತಾರೆ

ಈಗ ನಿಜವಾದ ಹೋಲಿಕೆಗೆ ಬರೋಣ. ಹೊರಗಿನಿಂದ ಸೈಟ್‌ಗೆ ಹೋಗುವ ದಾರಿಗಳು ಮೂರು.

ಮೊದಲನೆಯದು ಹಳೆಯ ಅಡ್ಡದಾರಿ. ರೂಟರ್‌ಗೆ ಪಬ್ಲಿಕ್ ಐಪಿ, ಅಂದರೆ ಇಂಟರ್ನೆಟ್‌ನಲ್ಲಿ ಎಲ್ಲರಿಗೂ ಕಾಣುವ ವಿಳಾಸ, ತೆಗೆದುಕೊಂಡು, ಒಂದು ಪೋರ್ಟ್ (ಇಲ್ಲಿ ಅಂಕಿಯಿಂದ ಗುರುತಿಸುವ ಬಾಗಿಲು) ತೆರೆದು, ಅದನ್ನು ನೇರ ಪಿಎಲ್‌ಸಿಗೆ ಕಳಿಸುವುದು. ಮಾಡ್‌ಬಸ್ ಟಿಸಿಪಿ ಬಳಸುವ ಪೋರ್ಟ್ 502. ಆ ಭಾಷೆಯಲ್ಲಿ ಪಾಸ್‌ವರ್ಡ್ ಎಂಬ ಕಲ್ಪನೆಯೇ ಇಲ್ಲ. ಬಂದವರು ಯಾರೇ ಇರಲಿ, ಬರೆ ಅಂದದ್ದನ್ನು ಪಿಎಲ್‌ಸಿ ಬರೆದುಕೊಳ್ಳುತ್ತದೆ. ಇಂಥ ತೆರೆದ ಪೋರ್ಟ್‌ಗಳನ್ನು ಹುಡುಕಿ ಪಟ್ಟಿ ಮಾಡುವ ಜಾಲತಾಣಗಳೇ ಇವೆ. ಈ ದಾರಿಯನ್ನು ನಾನು ಹೋಲಿಕೆಗೆ ತೆಗೆದುಕೊಳ್ಳುವುದೇ ಇಲ್ಲ. ಯಾರಾದರೂ ಇದನ್ನು ಸಲಹೆ ಮಾಡಿದರೆ ಅವರಿಂದ ರೂಟರ್ ಕೊಳ್ಳಬೇಡಿ.

ಎರಡನೆಯದು ಕಂಪನಿಯ ಕ್ಲೌಡ್. ರೂಟರ್ ಒಳಗಿನಿಂದ ಹೊರಕ್ಕೆ ತಾನೇ ಸಂಪರ್ಕ ಮಾಡುತ್ತದೆ. ಇಂಜಿನಿಯರ್ ಕೂಡ ಅದೇ ಕ್ಲೌಡ್‌ಗೆ ಬರುತ್ತಾನೆ. ನಡುವೆ ಕೂತ ಸರ್ವರ್ ಇಬ್ಬರನ್ನೂ ಜೋಡಿಸುತ್ತದೆ. ಇವಾನ್ ರೂಟರ್‌ಗಳಿಗೆ ಟಾಕ್‌ಟುಎಂ ಇರುವುದು ಇದಕ್ಕೇ. ಒಳಕ್ಕೆ ಒಂದು ಪೋರ್ಟೂ ತೆರೆಯುವುದು ಬೇಡ. ಮೊಬೈಲ್ ಸಿಮ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಸಾಮಾನ್ಯ ಸಿಮ್‌ಗೆ ಎಷ್ಟೋ ಸಲ ಸಿಗುವುದು 100.64ರಿಂದ 100.127ರ ನಡುವಿನ ವಿಳಾಸ. ಅದನ್ನು ಮೊಬೈಲ್ ಕಂಪನಿ ನೂರಾರು ಜನರನ್ನು ಒಂದೇ ಪಬ್ಲಿಕ್ ಐಪಿ ಹಿಂದೆ ಕೂರಿಸಲು ಬಳಸುತ್ತದೆ. ಹೊರಗಿನಿಂದ ಆ ವಿಳಾಸಕ್ಕೆ ಕರೆ ಹೋಗುವುದೇ ಇಲ್ಲ. ರೂಟರ್ ತಾನಾಗಿ ಹೊರಗೆ ಹೋದರೆ ಈ ತೊಡಕು ಇಲ್ಲ.

ಮೂರನೆಯದು ನಿಮ್ಮದೇ ವಿಪಿಎನ್ ಸರ್ವರ್, ಅಂದರೆ ಟನೆಲ್‌ಗಳು ಬಂದು ಸೇರುವ ಸ್ವಂತ ಕಂಪ್ಯೂಟರ್. ಇಲ್ಲೂ ರೂಟರ್ ಹೊರಕ್ಕೆ ಬರುತ್ತದೆ, ಆದರೆ ಬರುವುದು ನಿಮ್ಮ ಮನೆಬಾಗಿಲಿಗೆ. ಐಪಿಸೆಕ್, ಓಪನ್‌ವಿಪಿಎನ್, ವೈರ್‌ಗಾರ್ಡ್ ಎಂಬ ವಿಪಿಎನ್ ಬಗೆಗಳಲ್ಲಿ ಒಂದರ ಸರ್ವರ್ ನೀವೇ ನಿಲ್ಲಿಸುತ್ತೀರಿ. ಸೀಮೆನ್ಸ್‌ನ ಸ್ಕ್ಯಾಲೆನ್ಸ್ ರೂಟರ್‌ಗಳ ಜೊತೆ ಬರುವ ಸಿನೆಮಾ ರಿಮೋಟ್ ಕನೆಕ್ಟ್ ಇದರದೇ ಒಂದು ಸಿದ್ಧ ರೂಪ. ಸರ್ವರ್ ನಿಮ್ಮಲ್ಲೇ, ಬಳಕೆದಾರರ ಪಟ್ಟಿಯೂ ನಿಮ್ಮಲ್ಲೇ.

ಎರಡು ಮತ್ತು ಮೂರರ ನಡುವೆ ಯಾವುದು? ನನ್ನ ಅಭಿಪ್ರಾಯ ನೇರ. ಸರ್ವರ್ ನೋಡಿಕೊಳ್ಳಲು ಹೆಸರು ಹಿಡಿದು ಹೇಳಬಹುದಾದ ಒಬ್ಬ ವ್ಯಕ್ತಿ ನಿಮ್ಮಲ್ಲಿ ಇಲ್ಲದಿದ್ದರೆ ಕಂಪನಿಯ ಕ್ಲೌಡ್ ಒಳ್ಳೆಯದು. ಮೂರು ವರ್ಷದಿಂದ ಅಪ್‌ಡೇಟ್ ಕಾಣದ ಸ್ವಂತ ಸರ್ವರ್‌ಗಿಂತ ಅದು ಎಷ್ಟೋ ವಾಸಿ. ಆದರೆ ಕ್ಲೌಡ್ ಅಂದರೆ ಸಾವಿರಾರು ಸೈಟ್‌ಗಳ ಬೀಗದ ಕೈ ಒಂದೇ ಗೊಂಚಲಿನಲ್ಲಿ ನೇತಾಡುವ ಜಾಗ. ಅಲ್ಲಿ ತಪ್ಪು ಸಿಕ್ಕಿದರೆ ಎಲ್ಲರಿಗೂ ಒಟ್ಟಿಗೇ ಏಟು. ಇನ್ನೊಂದು ಪ್ರಶ್ನೆ ಕೇಳಲು ಜನ ಸಂಕೋಚ ಪಡುತ್ತಾರೆ. ಆ ಸೇವೆ ನಾಳೆ ನಿಂತರೆ ಈ ರೂಟರ್ ಸಾದಾ ಓಪನ್‌ವಿಪಿಎನ್ ಕ್ಲೈಂಟ್ ಆಗಿಯಾದರೂ ಓಡುತ್ತದೆಯೇ? ಓಡುತ್ತದೆ ಅಂದರೆ ಕೊಳ್ಳಬಹುದು. ಓಡುವುದಿಲ್ಲ ಅಂದರೆ ನೀವು ಕೊಳ್ಳುತ್ತಿರುವುದು ಪೆಟ್ಟಿಗೆಯನ್ನಲ್ಲ, ಬಾಡಿಗೆ ಕರಾರನ್ನು.

ದಾರಿ ಯಾವುದೇ ಇರಲಿ, ಪಾಸ್‌ವರ್ಡ್ ಒಂದನ್ನೇ ನಂಬಬೇಡಿ. 2015ರ ಡಿಸೆಂಬರ್ 23ರಂದು ಉಕ್ರೇನ್‌ನಲ್ಲಿ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ದಾಳಿ ನಡೆದು ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ದಾಳಿಕೋರರು ಬೀಗ ಒಡೆದು ಬಂದಿರಲಿಲ್ಲ. ಕದ್ದ ಹೆಸರು, ಕದ್ದ ಪಾಸ್‌ವರ್ಡ್ ಹಾಕಿ ವಿಪಿಎನ್ ಮೂಲಕ ನೆಟ್ಟಗೆ ಒಳಗೆ ನಡೆದಿದ್ದರು. ಎರಡನೇ ಹಂತದ ಗುರುತು ಕೇಳುವ ವ್ಯವಸ್ಥೆ ಅಲ್ಲಿ ಇರಲಿಲ್ಲ. ಅಮೆರಿಕದ ಕಲೋನಿಯಲ್ ಪೈಪ್‌ಲೈನ್‌ನಲ್ಲಿ 2021ರ ಮೇ ತಿಂಗಳಲ್ಲಿ ಆದದ್ದೂ ಅಂಥದ್ದೇ. ಯಾರೂ ಬಳಸದೆ ಬಿಟ್ಟಿದ್ದ ಹಳೆಯ ವಿಪಿಎನ್ ಖಾತೆ, ಒಂದೇ ಪಾಸ್‌ವರ್ಡ್. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಎರಡನೇ ಹಂತದ ಗುರುತಿನ ಮಾತು ಹೆಚ್ಚಿನ ಕಡೆ ಆಮೇಲೆಯೇ ಬರುತ್ತದೆ.

ನನಗೆ ತುಂಬಾ ಇಷ್ಟವಾದ ಭದ್ರತೆಯ ಉಪಾಯ ಮಾತ್ರ ಬಹಳ ಸರಳ. ರೂಟರ್‌ನಲ್ಲಿ ಒಂದು ಡಿಜಿಟಲ್ ಇನ್‌ಪುಟ್ ಇದ್ದರೆ ಅದಕ್ಕೆ ಪ್ಯಾನೆಲ್ ಬಾಗಿಲ ಮೇಲಿನ ಕೀ ಸ್ವಿಚ್ ಜೋಡಿಸಿ. ಸೈಟ್‌ನಲ್ಲಿರುವ ಆಪರೇಟರ್ ಕೀ ತಿರುಗಿಸಿದಾಗ ಮಾತ್ರ ಟನೆಲ್ ಏಳುತ್ತದೆ. ಕೆಲಸ ಮುಗಿದ ಮೇಲೆ ಅವನೇ ಆಫ್ ಮಾಡುತ್ತಾನೆ. ಯಾರು ಯಾವಾಗ ಒಳಗೆ ಬಂದರು ಎಂಬುದು ಯಂತ್ರದ ಪಕ್ಕ ನಿಂತವನಿಗೂ ಗೊತ್ತಿರುತ್ತದೆ. ಯಂತ್ರದ ಒಳಗೆ ಕೈ ಹಾಕಿದವನಿದ್ದಾಗ ದೂರದಿಂದ ಯಾರೋ ಮೋಟರ್ ಓಡಿಸಿಬಿಡುವ ಅಪಾಯವೂ ತಗ್ಗುತ್ತದೆ. ಕಾವಲಿಗೆ ಜನರೇ ಇಲ್ಲದ ಸೈಟ್‌ಗೆ ಇದು ಆಗದು, ನಿಜ. ಅಲ್ಲಿ ಸಮಯ ಕಟ್ಟಿದ ಅನುಮತಿ ಬೇಕು. ಎರಡು ಗಂಟೆ ಹೊತ್ತು ಅಂತ ಕೊಟ್ಟರೆ ಎರಡು ಗಂಟೆ ಕಳೆದ ಕೂಡಲೇ ತಾನಾಗಿ ಮುಚ್ಚಬೇಕು.

ವಿಪಿಎನ್ ಆರಿಸುವಾಗ ಕಾಲಿಗೆ ತೊಡರುವ ಕಲ್ಲುಗಳು

ವೈರ್‌ಗಾರ್ಡ್ 2020ರಲ್ಲಿ ಲಿನಕ್ಸ್ ಕರ್ನಲ್ 5.6ರ ಒಳಗೇ ಸೇರಿತು. ಚಿಕ್ಕ ಪ್ರೊಸೆಸರ್ ಮೇಲೂ ಚುರುಕಾಗಿ ಓಡುತ್ತದೆ. ಸೆಟಪ್ ಸುಲಭ. ಆದರೆ ಅದು ಸಾಗಿಸುವುದು ಐಪಿ ಪ್ಯಾಕೆಟ್‌ಗಳನ್ನು ಮಾತ್ರ. ಪ್ರೊಫಿನೆಟ್ ಎಂಬ ಕಾರ್ಖಾನೆ ನೆಟ್‌ವರ್ಕ್‌ನ ಸಾಧನಗಳನ್ನು ಹುಡುಕಿ ಅವುಗಳಿಗೆ ಹೆಸರು ಕೊಡುವ ಡಿಸಿಪಿ ಎಂಬ ಸಂದೇಶ ಐಪಿಗಿಂತ ಕೆಳಗಿನ ಪದರದಲ್ಲಿ ಓಡುತ್ತದೆ. ಹಾಗಾಗಿ ವೈರ್‌ಗಾರ್ಡ್ ದಾರಿಯಲ್ಲಿ ಪಿಂಗ್ ಸಿಗುತ್ತದೆ, ಪ್ರೋಗ್ರಾಂ ತೆರೆಯುತ್ತದೆ, ಆದರೆ ‘ಸಾಧನ ಹುಡುಕು’ ಎಂದು ಒತ್ತಿದರೆ ಪಟ್ಟಿ ಖಾಲಿ. ರೂಟರ್ ಕೆಟ್ಟಿದೆ ಅಂತ ಬೈದುಕೊಳ್ಳುವವರಿಗೆ ಇದು ಗೊತ್ತಿರುವುದಿಲ್ಲ. ಆ ಕೆಲಸ ದೂರದಿಂದಲೇ ಆಗಬೇಕಾದರೆ ಓಪನ್‌ವಿಪಿಎನ್‌ನ ಟ್ಯಾಪ್ ಬಗೆಯಂತೆ ಸೇತುವೆ ಕಟ್ಟುವ ಟನೆಲ್ ಬೇಕು. ದಿನನಿತ್ಯಕ್ಕೆ ಮಾತ್ರ ಅದನ್ನು ಬಳಸಬೇಡಿ. ಸೈಟ್‌ನ ಎಲ್ಲ ಬ್ರಾಡ್‌ಕಾಸ್ಟ್ ಗದ್ದಲವೂ ಮೊಬೈಲ್ ಡೇಟಾ ತಿನ್ನುತ್ತದೆ.

ಐಪಿಸೆಕ್ ಹಳೆಯ ಹುಲಿ. ದೊಡ್ಡ ಸಂಸ್ಥೆಗಳ ಫೈರ್‌ವಾಲ್‌ಗಳಿಗೆ ಅದೇ ಚೆನ್ನಾಗಿ ಗೊತ್ತು. ಎರಡು ಬೇರೆ ಕಂಪನಿಗಳ ಪೆಟ್ಟಿಗೆ ಜೋಡಿಸುವಾಗ ಒಂದು ಸೆಟ್ಟಿಂಗ್ ತಪ್ಪಿದರೂ ಅರ್ಧ ದಿನ ಹೋಗುತ್ತದೆ. ಅದು ಯುಡಿಪಿ 500 ಮತ್ತು 4500 ಪೋರ್ಟ್ ಕೇಳುತ್ತದೆ. ಗ್ರಾಹಕರ ಕಾರ್ಖಾನೆಯ ನೆಟ್‌ವರ್ಕ್ ಮೂಲಕ ಹೋಗಬೇಕಾದರೆ ಅಲ್ಲಿನ ಐಟಿಯವರು ಅದನ್ನು ಬಿಡದೇ ಇರಬಹುದು. ಆಗ ಟಿಸಿಪಿ 443ರಲ್ಲಿ ಓಡಬಲ್ಲ ಓಪನ್‌ವಿಪಿಎನ್ ಮಾನ ಉಳಿಸುತ್ತದೆ.

ಪೆಟ್ಟಿಗೆಯ ಮೇಲೆ ಗಿಗಾಬಿಟ್ ಪೋರ್ಟ್ ಎಂದು ಬರೆದಿದ್ದರೆ ಟನೆಲ್ ಒಳಗೂ ಗಿಗಾಬಿಟ್ ಸಿಗುತ್ತದೆ ಅಂತಲ್ಲ. ಗೂಢಲಿಪಿ ಮಾಡುವುದು ಪ್ರೊಸೆಸರ್. ವಿಪಿಎನ್ ವೇಗ ಎಷ್ಟು, ಯಾವ ವಿಪಿಎನ್‌ಗೆ ಎಷ್ಟು ಅಂತ ಬೇರೆಯಾಗಿಯೇ ಕೇಳಿ.

ಇನ್ನೊಂದು ಸಣ್ಣ ವಿಷಯ ನನ್ನನ್ನು ಒಂದಿಡೀ ರಾತ್ರಿ ಕಾಡಿತ್ತು. ಕರೆಂಟ್ ಹೋಗಿ ಬಂದ ಮೇಲೆ ಒಂದು ಸೈಟ್‌ನ ಟನೆಲ್ ಏಳುತ್ತಲೇ ಇರಲಿಲ್ಲ. ಸಿಗ್ನಲ್ ಇದೆ, ಇಂಟರ್ನೆಟ್ ಇದೆ. ಕೊನೆಗೆ ಲಾಗ್‌ನಲ್ಲಿ ನೋಡಿದರೆ ರೂಟರ್ ತಾನು 1970ರಲ್ಲಿ ಇದ್ದೇನೆ ಅಂದುಕೊಂಡಿದೆ! ಗಡಿಯಾರಕ್ಕೆ ಬ್ಯಾಟರಿ ಇರಲಿಲ್ಲ. ಸಮಯ ಕೇಳುವ ಸರ್ವರ್‌ನ ವಿಳಾಸವನ್ನು ಟನೆಲ್ ಒಳಗಿನದು ಕೊಟ್ಟಿದ್ದೆವು. ಟನೆಲ್ ಏಳಲು ಸಮಯ ಬೇಕು, ಸಮಯ ಸಿಗಲು ಟನೆಲ್ ಬೇಕು. ಟನೆಲ್‌ನ ಗುರುತಿನ ಚೀಟಿಯಾದ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ ಅಂತ ರೂಟರ್ ಹಟ ಹಿಡಿದಿತ್ತು. ಅಂದಿನಿಂದ ಬ್ಯಾಟರಿ ಇರುವ ಗಡಿಯಾರ ಇದೆಯೇ ಎಂಬುದು ನನ್ನ ಮೊದಲ ಐದು ಪ್ರಶ್ನೆಗಳಲ್ಲಿ ಒಂದು.

ಡೇಟಾ ಪ್ಲಾನ್ ಚಿಕ್ಕದಿದ್ದರೆ ಈ ಲೆಕ್ಕವನ್ನೂ ಹಾಕಿ. ಟನೆಲ್ ಜೀವಂತ ಇದೆಯೇ ಅಂತ ಹತ್ತು ಸೆಕೆಂಡಿಗೊಮ್ಮೆ ಎರಡೂ ಕಡೆಯಿಂದ ತಲಾ 100 ಬೈಟ್ ಹೋದರೆ ದಿನಕ್ಕೆ 8,640 ಸಲ, ಸುಮಾರು 1.7 ಮೆಗಾಬೈಟ್. ತಿಂಗಳಿಗೆ 50 ಮೆಗಾಬೈಟ್ ದಾಟುತ್ತದೆ. ಯಾರೂ ಏನೂ ಕೆಲಸ ಮಾಡದೆಯೇ! ಒಂದು ನಿಮಿಷಕ್ಕೆ ಏರಿಸಿದರೆ ಆರನೇ ಒಂದು ಭಾಗ ಸಾಕು. ಆದರೆ ಅಷ್ಟು ಹೊತ್ತು ಸುಮ್ಮನಿದ್ದರೆ ಕೆಲವು ಮೊಬೈಲ್ ನೆಟ್‌ವರ್ಕ್‌ಗಳು ಸಂಪರ್ಕವನ್ನೇ ಮರೆತುಬಿಡುತ್ತವೆ. ಎಷ್ಟಕ್ಕೆ ನಿಲ್ಲುತ್ತದೆ ಎಂಬುದನ್ನು ಆ ಸಿಮ್‌ನಲ್ಲೇ ಪರೀಕ್ಷೆ ಮಾಡಬೇಕು.

ಯಂತ್ರ ತಯಾರಿಸುವವರಿಗೆ ಇನ್ನೊಂದು. ನಿಮ್ಮ ಎಲ್ಲ ಯಂತ್ರಗಳ ಒಳಗೂ 192.168.1.10 ಅಂತಲೇ ಪಿಎಲ್‌ಸಿ ವಿಳಾಸ ಇರುತ್ತದೆ ಅಲ್ವಾ? ಐವತ್ತು ಗ್ರಾಹಕರು ಆದ ಮೇಲೆ ಯಾವ ಹತ್ತು ಯಾರ ಹತ್ತು ಅಂತ ಸರ್ವರ್‌ಗೆ ಗೊತ್ತಾಗಬೇಕಾದರೆ ರೂಟರ್‌ಗೆ ಒಂದಕ್ಕೊಂದು ನ್ಯಾಟ್, ಅಂದರೆ ಒಳಗಿನ ಪ್ರತಿ ವಿಳಾಸಕ್ಕೂ ಹೊರಗೆ ಬೇರೆಯದೇ ವಿಳಾಸ ಕೊಡುವ ಕೆಲಸ, ಮಾಡಲು ಬರಬೇಕು. ಅಗ್ಗದ ಮಾದರಿಗಳಲ್ಲಿ ಇದು ಬಿಟ್ಟುಹೋಗಿರಬಹುದು.

ಮಾರುವವರಿಗೆ ಕೇಳಬೇಕಾದ್ದು

ಭದ್ರತೆ ಇದೆಯೇ ಅಂತ ಕೇಳಿದರೆ ಎಲ್ಲರೂ ಇದೆ ಅನ್ನುತ್ತಾರೆ. ಹಾಗಾಗಿ ಉತ್ತರ ತಪ್ಪಿಸಲು ಆಗದಂತೆ ಕೇಳಿ. ಫರ್ಮ್‌ವೇರ್‌ಗೆ ಡಿಜಿಟಲ್ ಸಹಿ ಇದೆಯೇ, ಸಹಿ ಇಲ್ಲದ ಫೈಲ್ ಹಾಕಿದರೆ ರೂಟರ್ ತಿರಸ್ಕರಿಸುತ್ತದೆಯೇ? ಉಕ್ರೇನ್ ದಾಳಿಯಲ್ಲಿ ಸಬ್‌ಸ್ಟೇಷನ್‌ಗಳ ಸೀರಿಯಲ್ ಕನ್ವರ್ಟರ್‌ಗಳಿಗೆ ಕೆಟ್ಟ ಫರ್ಮ್‌ವೇರ್ ತುಂಬಿ ಅವುಗಳನ್ನು ಕೆಲಸಕ್ಕೆ ಬಾರದ ಡಬ್ಬಿ ಮಾಡಿದ್ದರು. ಆಮೇಲೆ ದೂರದಿಂದ ಏನೂ ಮಾಡುವಂತಿರಲಿಲ್ಲ, ಜನ ಅಲ್ಲಿಗೇ ಹೋಗಬೇಕಾಯಿತು.

ಪ್ರತಿ ಪೆಟ್ಟಿಗೆಗೂ ಬೇರೆ ಬೇರೆ ಆರಂಭದ ಪಾಸ್‌ವರ್ಡ್ ಇದೆಯೇ? ಎಲ್ಲಕ್ಕೂ ಒಂದೇ ಅಡ್ಮಿನ್ ಪಾಸ್‌ವರ್ಡ್ ಇಡುವ ಕಾಲ ಮುಗಿದಿದೆ. ಕ್ಯಾಲಿಫೋರ್ನಿಯಾದ ಕಾನೂನು 2020ರ ಜನವರಿಯಿಂದಲೇ ಅದರ ಮೇಲೆ ಕಣ್ಣಿಟ್ಟಿದೆ. ಕೈಗಾರಿಕಾ ಸೈಬರ್ ಭದ್ರತೆಯ ಮಾನದಂಡವಾದ ಐಇಸಿ 62443ರ ಸರ್ಟಿಫಿಕೇಟ್ ತೋರಿಸಿದರೆ ಅದು 4-1 ಭಾಗವೋ 4-2 ಭಾಗವೋ ನೋಡಿ. 4-1 ಹೇಳುವುದು ಕಂಪನಿ ಸಾಫ್ಟ್‌ವೇರ್ ಬರೆಯುವ ರೀತಿಯ ಬಗ್ಗೆ. 4-2 ಹೇಳುವುದು ಆ ಉತ್ಪನ್ನದ ಬಗ್ಗೆಯೇ. ಮೊದಲನೆಯದನ್ನು ತೋರಿಸಿ ಎರಡನೆಯದರಂತೆ ಮಾತಾಡುವ ಚಾಳಿ ಇದೆ.

ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತೀರಿ ಎಂಬುದಕ್ಕೆ ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಐರೋಪ್ಯ ಒಕ್ಕೂಟದ ಸೈಬರ್ ರೆಸಿಲಿಯೆನ್ಸ್ ಆ್ಯಕ್ಟ್‌ನ ಮುಖ್ಯ ನಿಯಮಗಳು 2027ರ ಡಿಸೆಂಬರ್ 11ರಿಂದ ಅನ್ವಯವಾಗುತ್ತವೆ. ಸಾಮಾನ್ಯವಾಗಿ ಕನಿಷ್ಠ ಐದು ವರ್ಷ ಭದ್ರತಾ ಬೆಂಬಲ ಕೊಡಬೇಕು ಅನ್ನುತ್ತದೆ ಅದು. ಅಲ್ಲಿ ಮಾರುವ ಕಂಪನಿ ಈಗಾಗಲೇ ಉತ್ತರ ಸಿದ್ಧ ಮಾಡಿಟ್ಟುಕೊಂಡಿರಬೇಕು. ಮಾಡ್ಯುಲರ್ ರೂಟರ್‌ನಲ್ಲಿ ಈ ಪ್ರಶ್ನೆಗೆ ಎರಡು ಪದರ ಇದೆ. ಮೂಲ ಪೆಟ್ಟಿಗೆಗೆ ಎಷ್ಟು ವರ್ಷ, ಮೋಡೆಮ್ ಕಾರ್ಡ್‌ನ ಒಳಗಿನ ಫರ್ಮ್‌ವೇರ್‌ಗೆ ಎಷ್ಟು ವರ್ಷ? ಎರಡನೆಯದನ್ನು ಕೇಳಿದಾಗ ಮುಖ ನೋಡಿ.

ಕಂಪನಿ ತನ್ನ ಭದ್ರತಾ ದೋಷಗಳನ್ನು ತಾನೇ ಪ್ರಕಟಿಸುತ್ತದೆಯೇ ಅಂತಲೂ ನೋಡಿ. ಒಂದು ದೋಷವೂ ಪ್ರಕಟವಾಗಿಲ್ಲ ಎಂದರೆ ನನಗೆ ಅನುಮಾನವೇ ಜಾಸ್ತಿ. 2023ರ ಡಿಸೆಂಬರ್‌ನಲ್ಲಿ ಫೋರ್‌ಸ್ಕೌಟ್ ಸಂಸ್ಥೆಯ ಸಂಶೋಧಕರು ಸಿಯೆರಾ ವೈರ್‌ಲೆಸ್‌ನ ಏರ್‌ಲಿಂಕ್ ರೂಟರ್‌ಗಳಲ್ಲಿ ಮತ್ತು ಅವು ಬಳಸುವ ಓಪನ್ ಸೋರ್ಸ್ ತುಣುಕುಗಳಲ್ಲಿ ಒಟ್ಟು 21 ದೋಷ ಪ್ರಕಟಿಸಿದರು. ಹುಡುಕಿದರೆ ಯಾರಲ್ಲಾದರೂ ಸಿಗುತ್ತದೆ. ಸಿಕ್ಕ ಮೇಲೆ ಎಷ್ಟು ದಿನದಲ್ಲಿ ಸರಿಮಾಡಿದರು ಅನ್ನುವುದೇ ಹೋಲಿಕೆಗೆ ಬೇಕಾದ ಅಂಶ.

ಪೆಟ್ಟಿಗೆಯ ಮೈಕಟ್ಟು

ಇದನ್ನು ಬೇಗ ಮುಗಿಸೋಣ. ಬಿಸಿಲಿಗೆ ನಿಂತ ಪ್ಯಾನೆಲ್ ಒಳಗೆ 60 ಡಿಗ್ರಿ ಸೆಲ್ಸಿಯಸ್ ದಾಟುವುದು ಅಪರೂಪವಲ್ಲ. ಹಾಗಾಗಿ ಮೈನಸ್ 40ರಿಂದ 70ರವರೆಗೆ ತಾಳುವ ಪೆಟ್ಟಿಗೆ ಬೇಕು. ಕಾರ್ಡ್ ಹಾಕಿದ ಮೇಲೂ ಅಷ್ಟೇ ತಾಳುತ್ತದೆಯೇ ಕೇಳಿ. ಕೆಲವು 5ಜಿ ಕಾರ್ಡ್‌ಗಳು ಬಿಸಿ ಹೆಚ್ಚಾದರೆ ತಾವೇ ವೇಗ ತಗ್ಗಿಸಿಕೊಳ್ಳುತ್ತವೆ. ಪ್ಯಾನೆಲ್‌ನ 24 ವೋಲ್ಟ್‌ನಲ್ಲೇ ನೇರ ಓಡಬೇಕು, ಪ್ಯಾನೆಲ್ ಒಳಗಿನ ಡಿನ್ ರೈಲ್ ಎಂಬ ಲೋಹದ ಪಟ್ಟಿಯ ಮೇಲೆ ಕೂರಬೇಕು. ಸಬ್‌ಸ್ಟೇಷನ್‌ಗೆ ಐಇಸಿ 61850-3, ರೈಲಿಗೆ ಇಎನ್ 50155 ಮಾನದಂಡ ಬೇಕು. ಈ ಎರಡು ಕಡೆ ಇದು ಆಯ್ಕೆಯ ಮಾತೇ ಅಲ್ಲ. ಆ ಕಾಗದ ಇಲ್ಲದ್ದನ್ನು ಪಟ್ಟಿಯಿಂದಲೇ ತೆಗೆಯಿರಿ.

ಹಾಗಾದರೆ ಯಾರಿಗೆ ಯಾವುದು

ಯಂತ್ರ ತಯಾರಿಸಿ ಬೇರೆ ಬೇರೆ ಗ್ರಾಹಕರಿಗೆ ಕಳಿಸುವವರು ನೀವಾದರೆ ನನ್ನ ಓಟು ಫ್ಲೆಕ್ಸಿಯಂಥ ಕಾರ್ಡ್ ಬಗೆಗೆ. ಒಬ್ಬ ಗ್ರಾಹಕರಲ್ಲಿ ವೈಫೈ, ಇನ್ನೊಬ್ಬರಲ್ಲಿ ಮೊಬೈಲ್, ಮತ್ತೊಬ್ಬರಲ್ಲಿ ಕೇಬಲ್. ಮೂಲ ಪೆಟ್ಟಿಗೆ ಮತ್ತು ಪ್ಯಾನೆಲ್ ನಕ್ಷೆ ಒಂದೇ ಇಟ್ಟು ಕಾರ್ಡ್ ಮಾತ್ರ ಬದಲಿಸಬಹುದು. ಮೀಟರ್ ಓದಿ ಮೇಲಕ್ಕೆ ಕಳಿಸುವ ಕೆಲಸವನ್ನೂ ಅದೇ ಮಾಡುತ್ತದೆ. ದೂರದಿಂದ ಪ್ರೋಗ್ರಾಂ ತಿದ್ದುವುದಷ್ಟೇ ಬೇಕು ಅಂದರೆ ಅದೇ ಮನೆತನದ ಕೋಝಿ ಸಾಕು, ಸ್ಲಾಟ್ ಬೇಡ.

ಒಂದೇ ಸಂಸ್ಥೆಗೆ ಸೇರಿದ ನೂರಾರು ಸೈಟ್, ಒಳಗೇ ಒಂದು ನೆಟ್‌ವರ್ಕ್ ತಂಡ ಇದೆ ಅಂದರೆ ಐಆರ್1101 ಬಗೆಯದು ಹೊಂದುತ್ತದೆ. ಕಚೇರಿಯ ಸಿಸ್ಕೊ ಪೆಟ್ಟಿಗೆಗಳಲ್ಲಿ ಓಡುವ ಐಒಎಸ್ ಎಕ್ಸ್‌ಇ ಅದರಲ್ಲೂ ಇದೆ. ತಂಡಕ್ಕೆ ಹೊಸದಾಗಿ ಕಲಿಯುವುದು ಕಡಿಮೆ. ಆ ತಂಡ ಇಲ್ಲದ ಕಡೆ ಅದನ್ನು ಹಾಕಿದರೆ ಪಿಎಲ್‌ಸಿ ಇಂಜಿನಿಯರ್ ಕಮಾಂಡ್ ಲೈನ್ ಮುಂದೆ ಕೂತು ನಿಟ್ಟುಸಿರು ಬಿಡುತ್ತಾನೆ. ಲೈಸೆನ್ಸ್‌ನ ಲೆಕ್ಕವನ್ನೂ ಮೊದಲೇ ಬಿಡಿಸಿಕೊಳ್ಳಿ.

ನಿಮ್ಮದೇ ವಿಪಿಎನ್ ಸರ್ವರ್, ಲಿನಕ್ಸ್ ಗೊತ್ತಿರುವ ಒಬ್ಬಿಬ್ಬರು, ಸೈಟ್ ಹತ್ತಿಪ್ಪತ್ತು. ಇಂಥವರಿಗೆ ಐಸಿಆರ್ ಅಥವಾ ಆರ್‌ಯುಟಿ ಬಗೆಯದು ದುಡ್ಡಿಗೆ ಮೋಸವಿಲ್ಲ. ಕಾರ್ಡ್ ಸ್ಲಾಟ್ ಇಲ್ಲ ಅನ್ನುವುದೊಂದನ್ನು ಬಿಟ್ಟರೆ ಕೈಗೆ ಸಿಗುವ ಸ್ವಾತಂತ್ರ್ಯ ಜಾಸ್ತಿ. ಸೀರಿಯಲ್, ಮೊಬೈಲ್, ಹಳೆಯ ಫೋನ್ ಲೈನ್ ಎಲ್ಲ ಬೆರೆತ ನೀರು ಅಥವಾ ವಿದ್ಯುತ್ ಜಾಲಕ್ಕೆ ಎಂಆರ್‌ಎಕ್ಸ್ ಬಗೆಯದನ್ನು ನೋಡಿ. ಇಡೀ ಕಾರ್ಖಾನೆ ಸೀಮೆನ್ಸ್ ಆಗಿದ್ದರೆ ಸ್ಕ್ಯಾಲೆನ್ಸ್ ಬಿಟ್ಟು ಬೇರೆಯದನ್ನು ಹುಡುಕಲು ಬಲವಾದ ಕಾರಣ ಬೇಕು.

ಆರ್ಡರ್ ಕೊಡುವ ಮುಂಚೆ ಒಂದು ವಾರ

ಎರಡು ಮಾದರಿ ತರಿಸಿ, ಮೇಜಿನ ಮೇಲಲ್ಲ, ಸಿಗ್ನಲ್ ಎಲ್ಲಕ್ಕಿಂತ ಕೆಟ್ಟಿರುವ ಸೈಟ್‌ನ ಪ್ಯಾನೆಲ್ ಒಳಗೆ ಹಾಕಿ ಬಾಗಿಲು ಮುಚ್ಚಿ. ಸಿಗ್ನಲ್ ಬಲದ ಆರ್‌ಎಸ್‌ಆರ್‌ಪಿ ಅಂಕಿ ಮೈನಸ್ 110 ಡಿಬಿಎಂಗಿಂತ ಕೆಳಗೆ ಇಳಿಯುತ್ತಿದ್ದರೆ ಮೊದಲು ಆಂಟೆನಾ ಹೊರಗೆ ತೆಗೆಯಿರಿ, ಆಮೇಲೆ ರೂಟರ್ ಬೈಯಿರಿ. ದೂರದಿಂದ ಇಡೀ ಪಿಎಲ್‌ಸಿ ಪ್ರೋಗ್ರಾಂ ಡೌನ್‌ಲೋಡ್ ಮಾಡಿ ನೋಡಿ. ಪಿಂಗ್ ಚೆನ್ನಾಗಿದ್ದು ದೊಡ್ಡ ಡೌನ್‌ಲೋಡ್ ಮಾತ್ರ ನಡುವೆ ನಿಂತರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ನೋಡಿ. ಟನೆಲ್‌ನ ಹೊದಿಕೆಯೂ ಸೇರಿ ಪ್ಯಾಕೆಟ್ 1500 ಬೈಟ್ ದಾಟುತ್ತಿರಬಹುದು. ವೈರ್‌ಗಾರ್ಡ್ ತಾನಾಗಿ 1420 ಇಟ್ಟುಕೊಳ್ಳುವುದು ಇದಕ್ಕೇ. ಮೊಬೈಲ್ ದಾರಿಯಲ್ಲಿ ಇನ್ನೂ ಇಳಿಸಬೇಕಾಗಬಹುದು.

ಸಿಮ್ ಎಳೆದು ಮತ್ತೆ ಹಾಕಿ. ಕರೆಂಟ್ ತೆಗೆದು ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಕೊಡಿ. ಟನೆಲ್ ತಾನಾಗಿ ಎದ್ದರೆ ಸರಿ. ಫರ್ಮ್‌ವೇರ್ ಅಪ್‌ಡೇಟ್ ನಡೆಯುವಾಗಲೇ ಕರೆಂಟ್ ತೆಗೆಯಿರಿ. ಮಾರುವವರು ಬೇಡ ಅನ್ನುತ್ತಾರೆ. ಆದರೂ ತೆಗೆಯಿರಿ, ಅದಕ್ಕೇ ಅಲ್ವಾ ಮಾದರಿ ತರಿಸಿದ್ದು? ಹಳೆಯ ಫರ್ಮ್‌ವೇರ್‌ಗೆ ಮರಳಿ ಎದ್ದು ಬರುವ ರೂಟರ್ ಬೇಕು ನಮಗೆ. ಕೊನೆಗೆ ಮೋಡೆಮ್ ಕಾರ್ಡ್ ಕಳಚಿ ಬೇರೆಯದು ಹಾಕಿ, ಎಷ್ಟು ಸ್ಕ್ರೂ, ಎಷ್ಟು ನಿಮಿಷ, ಸೆಟ್ಟಿಂಗ್ ಉಳಿಯಿತೋ ಅಳಿಯಿತೋ ಬರೆದಿಟ್ಟುಕೊಳ್ಳಿ. ಎಂಟು ವರ್ಷದ ನಂತರ ಇದೇ ಕೆಲಸವನ್ನು ಯಾರೋ ಏಣಿಯ ಮೇಲೆ ನಿಂತು, ಒಂದು ಕೈಯಲ್ಲಿ ಟಾರ್ಚ್ ಹಿಡಿದು ಮಾಡಬೇಕಾಗುತ್ತದೆ.